ಏಕೋಪಾಧ್ಯಾಯ ಶಾಲೆಯ ಸ್ಕ್ರಮ್ ಸಭೆ

ಸಾಫ್ಟ್‌ವೇರ್ ಕಂಪನಿಗಳ ‘ಅಜೈಲ್’ ಎಂಬ ಕೆಲಸದ ಪದ್ಧತಿಯ ತರಬೇತಿ ಇನ್ನೂ ನಮ್ಮ ಸಕಲೇಶಪುರ, ಆಲೂರಿನ ಕ್ಲಸ್ಟರ್ ಸಂಪನ್ಮೂಲ ಕೇಂದ್ರದ (ಸಿಆರ್‌ಸಿ) ಬಾಗಿಲಿಗೆ ಬಂದಿಲ್ಲ. ಬರುತ್ತದೆ, ಅವಸರ ಬೇಡ. ಬೆಂಗಳೂರಿನ ಕಂಪನಿಗಳು ಬಳಸಿ ಬೇಸತ್ತ ವಿದ್ಯೆಯೆಲ್ಲ ಕೊನೆಗೆ ಬಂದು ಸೇರುವುದು ಸರ್ಕಾರಿ ಶಾಲೆಗೇ.

ಬಂದಿತೆಂದೇ ಇಟ್ಟುಕೊಳ್ಳಿ. ಹೆತ್ತೂರು ಕಡೆಯ ಒಂದು ಶಾಲೆ, ಒಬ್ಬರೇ ಮೇಷ್ಟ್ರು. ದಿನಾ ಬೆಳಿಗ್ಗೆ ತಂಡದವರೆಲ್ಲ 15 ನಿಮಿಷ ನಿಂತುಕೊಂಡೇ ‘ಸ್ಕ್ರಮ್’ ಎಂಬ ಸಭೆ ನಡೆಸಬೇಕು. ತಂಡ ಎಂದರೆ ಮೇಷ್ಟ್ರೇ. ಕೋರಂ ಕೊರತೆ ಎಂದೂ ಆಗದು.

ನಿನ್ನೆ ಏನು ಮಾಡಿದಿರಿ? ಮಕ್ಕಳ ಮಾಹಿತಿ ಆನ್‌ಲೈನ್‌ಗೆ ಏರಿಸಲು ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತಿದೆ. ಇವತ್ತು? ಹಾಲಿನ ಪುಡಿ ಗಂಟಾಗದಂತೆ ಕದಡಿಸಬೇಕು. ಮೊಟ್ಟೆ ತಂದದ್ದಕ್ಕೆಷ್ಟು, ಬೇಯಿಸಿದ್ದಕ್ಕೆಷ್ಟು, ಸುಲಿದದ್ದಕ್ಕೆಷ್ಟು ಎಂದು ಪೈಸೆ ಲೆಕ್ಕ ಬರೆಯಬೇಕು. ಮಧ್ಯೆ ಹೊತ್ತು ಸಿಕ್ಕರೆ ಭಾಗಾಕಾರ. ಅಡ್ಡಿ ಏನಾದರೂ? ಕಾಫಿ ತೋಟದ ಬೇಲಿ ಹತ್ತಿರ ಆನೆ ನಿಂತಿದೆ, ಜೊತೆಗೆ ಮರಿಯೂ ಇದೆ. ಅರಣ್ಯ ಇಲಾಖೆಯವರ ಮೆಸೇಜ್ ಆಗಲೇ ಬಂದಿದೆ.

ಆಮೇಲೆ ಸ್ಪ್ರಿಂಟ್, ಎರಡು ವಾರದ ಗುರಿ. ಜುಲೈನಲ್ಲಿ ಆ ಗುರಿ ನಿಗದಿ ಮಾಡುವವರು ಮೇಷ್ಟ್ರಲ್ಲ, ಮಳೆ ರಜೆ ಘೋಷಿಸುವ ಡಿಸಿಯವರು. ಡಿಸೆಂಬರಿನಲ್ಲಿ ಕಾಫಿ ಕುಯ್ಲು. ಲೈನ್ ಮನೆಗೆ ಬಂದ ಕೂಲಿಯವರ ಮಕ್ಕಳು ಅಕ್ಷರ ಹಿಡಿಯುವಷ್ಟರಲ್ಲಿ ಕುಯ್ಲು ಮುಗಿದು ಗಂಟುಮೂಟೆ ಕಟ್ಟಿರುತ್ತಾರೆ. ಕೆಲಸದ ಪಟ್ಟಿಯನ್ನು ಬಣ್ಣದ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕಂತೆ. ಮಳೆಗಾಲದಲ್ಲಿ ನಮ್ಮ ಗೋಡೆಗಳಿಗೆ ಪಾಚಿ ಬಿಟ್ಟರೆ ಬೇರೇನೂ ಅಂಟುವುದಿಲ್ಲ.

ಅಜೈಲ್ ಹುಟ್ಟಿಸಿದವರ ಮೇಲೆ ನನಗೆ ಕೋಪವಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಹಿಮದ ಬೆಟ್ಟದಲ್ಲಿ 17 ಮಂದಿ ಸಾಫ್ಟ್‌ವೇರ್‌ನವರು ಸೇರಿ ಬರೆದದ್ದು ಒಂದು ಪುಟವೂ ತುಂಬದ ಪ್ರಣಾಳಿಕೆ. ರಾಶಿ ದಾಖಲೆಗಿಂತ ನಡೆಯುವ ಕೆಲಸ ಮೇಲು ಎಂಬುದು ಅದರ ಒಂದು ಸಾಲಿನ ತಾತ್ಪರ್ಯ. ನಮ್ಮಲ್ಲಿ ಆ ಸಾಲನ್ನು ಕಲಿತದ್ದಕ್ಕೆ ಮೂರು ಪ್ರತಿಯಲ್ಲಿ ವರದಿ, ಬ್ಯಾನರ್ ಕಾಣುವಂತೆ ಗುಂಪು ಫೋಟೊ, ಸಂಜೆ ಐದರೊಳಗೆ ಗೂಗಲ್ ಫಾರ್ಮ್. ತಪ್ಪಿದರೆ ನೋಟಿಸು.

ತಮಾಷೆಯೆಂದರೆ, ಈ ಸರಕು ನಮ್ಮ ಮನೆಯಲ್ಲೇ ಇತ್ತು. ಆ 17 ಮಂದಿ ಬೆಟ್ಟ ಹತ್ತುವುದಕ್ಕೂ ಮೊದಲು, 1995ರ ಸುಮಾರಿಗೆ, ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿಬಂದು ನಲಿ-ಕಲಿ ಕಟ್ಟಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಕಲಿಕಾ ಏಣಿಗೆ ಜೋಡಿಸಿದರು. ಪ್ರತಿ ಮೆಟ್ಟಿಲಿಗೊಂದು ಕಾರ್ಡು. ಮಗು ತನ್ನ ವೇಗದಲ್ಲಿ ಏರುತ್ತದೆ. ಯಾರು ಎಲ್ಲಿದ್ದಾರೆಂದು ಗೋಡೆಯ ಪ್ರಗತಿ ನೋಟ ಹೇಳುತ್ತದೆ. ಮೇಷ್ಟ್ರ ನೆರವು ಪೂರ್ತಿ ಬೇಕಾದವರು ಒಂದು ಗುಂಪು, ಜೊತೆಗಾರರಿಂದ ಕಲಿಯುವವರು ಇನ್ನೊಂದು, ತಾವೇ ಕಲಿಯುವವರು ಮತ್ತೊಂದು. ನಂತರ ಅದು ರಾಜ್ಯಕ್ಕೆಲ್ಲ ಹಬ್ಬಿತು. ಅದಕ್ಕೊಂದು ಇಂಗ್ಲಿಷ್ ಹೆಸರು, ಅಮೆರಿಕದ ಸರ್ಟಿಫಿಕೇಟು ಇಲ್ಲದ್ದೇ ದೋಷವಾಯಿತು.

ಆಗ ಮೇಷ್ಟ್ರುಗಳೇ ಯೋಚಿಸಿದರು, ಈಗ ಅವರಿಗೆ ಯೋಚಿಸುವುದನ್ನು ಕಲಿಸಲಾಗುತ್ತದೆ. ಇರುವ ವ್ಯತ್ಯಾಸ ಇಷ್ಟೇ.

ತರಬೇತಿ ಮಾಡಲೇಬೇಕೆಂದಿದ್ದರೆ ಮಾಡಿ ಸ್ವಾಮಿ. ಆದರೆ ಮೇಷ್ಟ್ರು ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಚೀಟಿ ಅಂಟಿಸುತ್ತಿರುವ ಆ ದಿನಗಳಲ್ಲಿ ಶಾಲೆಯ ಬೀಗ ತೆಗೆಯುವವರು ಯಾರು ಎಂಬುದನ್ನೂ ಅದೇ ಆದೇಶದಲ್ಲಿ ಬರೆದುಬಿಡಿ.