ತತ್ತ್ವಜ್ಞಾನಿಯ ಕಾಗದಪತ್ರ ಸಂಶೋಧನಾ ಯೋಜನೆ: ಬಳಕೆದಾರರ ಕೈಪಿಡಿ

ಯೋಜನೆಗೆ ಕೈಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಆರಂಭಿಸಿದವರು ಮುಗಿಸುವವರೆಗೆ ಇರುವುದಿಲ್ಲವಾದ್ದರಿಂದ, ಓದಿದ ಮೇಲೆ ಮುಂದಿನ ತಲೆಮಾರಿಗೆ ಒಪ್ಪಿಸಿ. ಮಾದರಿಗಾಗಿ ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸ್ (1646–1716) ಅವರನ್ನು ಬಳಸಲಾಗಿದೆ.

ಬೇಕಾಗುವ ಸಾಮಗ್ರಿ

ತೀರಿಕೊಂಡ ತತ್ತ್ವಜ್ಞಾನಿ, ಒಬ್ಬರು. ಬದುಕಿದ್ದಾಗ ಹೆಚ್ಚು ಪ್ರಕಟಿಸದವರನ್ನೇ ಆರಿಸಿಕೊಳ್ಳಿ. ಲೈಬ್ನಿಟ್ಸ್ ತಾವೇ ಅಚ್ಚು ಹಾಕಿಸಿದ ದೊಡ್ಡ ತತ್ತ್ವಶಾಸ್ತ್ರ ಗ್ರಂಥ ಒಂದೇ, 1710ರ 'ಥಿಯೋಡಿಸಿ'. ಉಳಿದದ್ದರಲ್ಲಿ ಬಹುಪಾಲು ಹ್ಯಾನೋವರ್‌ನ ಗ್ರಂಥಾಲಯದಲ್ಲಿದೆ: ಸುಮಾರು 2 ಲಕ್ಷ ಪುಟ. ಅದರಲ್ಲಿ ಸಾವಿರಕ್ಕೂ ಹೆಚ್ಚು ಜನರೊಡನೆ ವಿನಿಮಯ ಮಾಡಿಕೊಂಡ ಸುಮಾರು 15,000 ಪತ್ರಗಳು ಸೇರಿವೆ. ಭಾಷೆ ಲ್ಯಾಟಿನ್, ಫ್ರೆಂಚ್, ಜರ್ಮನ್. ಕೈಬರಹದ ಬಗ್ಗೆ ಮೊದಲೇ ಹೇಳಿ ಹೆದರಿಸುವುದಿಲ್ಲ.

ಅನುಮಾನದ ಅರಸು, ಒಬ್ಬರು. ಲೈಬ್ನಿಟ್ಸ್ ತೀರಿಕೊಂಡಾಗ ಅವರ ಪೆಟ್ಟಿಗೆಗಳಲ್ಲಿ ರಾಜ್ಯದ ಗುಟ್ಟುಗಳಿರಬಹುದೆಂದು ಹ್ಯಾನೋವರ್ ಅರಮನೆಗೆ ಭಯ ಹತ್ತಿತು. ಕಾಗದಗಳಿಗೆಲ್ಲ ಮೊಹರು ಬಿತ್ತು. ಹಣ ವಾರಸುದಾರನಿಗೆ ಹೋಯಿತು, ಕಾಗದ ಅರಸನ ವಶಕ್ಕೆ ಬಂತು. ಭಕ್ತಿಯಿಂದ ಕಾಪಾಡಿದ್ದರೆ ಚೆನ್ನಾಗಿರುವ ಹಾಳೆಗಳಷ್ಟೇ ಉಳಿಯುತ್ತಿದ್ದವೇನೋ. ಅನುಮಾನದಿಂದ ಕಾಪಾಡಿದ್ದರಿಂದ ಚಿತ್ತುಕಾಟೂ ಉಳಿಯಿತು.

ಹಂತ 1: ಸಮಿತಿ ರಚಿಸಿ

ಪರಸ್ಪರ ಅಷ್ಟಕ್ಕಷ್ಟೇ ಎನ್ನುವಂತಿರುವ ಎರಡು ದೇಶಗಳನ್ನು ಜೊತೆಗೂಡಿಸಿ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಪ್ಯಾರಿಸ್ ಮತ್ತು ಬರ್ಲಿನ್ ಅಕಾಡೆಮಿಗಳು ಲೈಬ್ನಿಟ್ಸ್ ಸಮಗ್ರ ಬರಹಗಳ ಪ್ರಕಟಣೆಗೆ ಹೀಗೇ ಕೈಜೋಡಿಸಿದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಕೈಗಳು ಬೇರೆಯಾದವು. ಮೊದಲ ಸಂಪುಟ 1923ರಲ್ಲಿ, ಬರ್ಲಿನ್‌ನವರ ಒಂಟಿ ದುಡಿಮೆಯಿಂದ ಹೊರಬಂತು. ಕೆಲಸ ಇನ್ನೂ ನಡೆಯುತ್ತಿದೆ.

ಹಂತ 2: ತಾರೀಖು ಹುಡುಕಿ

ತತ್ತ್ವಜ್ಞಾನಿ ಏನು ಹೇಳಿದರು ಎಂಬುದಕ್ಕಿಂತ ಮೊದಲು ಯಾವಾಗ ಹೇಳಿದರು ಎಂಬುದು ಗೊತ್ತಾಗಬೇಕು. ಮೂವತ್ತರ ಹರೆಯದ ಮಾತನ್ನು ಅರವತ್ತರ ಸಿದ್ಧಾಂತವೆಂದು ಓದಿದರೆ ಇಡೀ ಪ್ರಬಂಧ ದಂಡ. ಆದರೆ ತಮಗಾಗಿಯೇ ಬರೆದುಕೊಳ್ಳುವವರು ತಾರೀಖು ಹಾಕುವುದಿಲ್ಲ. ಹಾಗಾಗಿ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಕಾಗದದೊಳಗಿನ ವಾಟರ್‌ಮಾರ್ಕ್ ನೋಡಿ, ಅದೇ ಗುರುತಿರುವ ತಾರೀಖುಳ್ಳ ಪತ್ರವೊಂದನ್ನು ಹುಡುಕಿ, ಎರಡೂ ಹೆಚ್ಚುಕಡಿಮೆ ಒಂದೇ ಕಾಲದವೆಂದು ತೀರ್ಮಾನಿಸಿ. ಆತ್ಮದ ಅಮರತ್ವದ ವಾದಕ್ಕೆ ಇಸವಿ ಸಿಗುವುದು ಕಾಗದ ಮಾಡಿದವನ ಅಚ್ಚಿನಿಂದ.

ತೊಡಕು: ಲೈಬ್ನಿಟ್ಸ್ ಹಾಳೆಗಳನ್ನು ಕತ್ತರಿಸಿ ಚೂರು ಮಾಡುತ್ತಿದ್ದರು. ಅಂಥ ಚೂರುಗಳ ಅಂಚು ಹೊಂದಿಸಲು ಈಗ ಕಂಪ್ಯೂಟರ್ ಬಳಸಿ ನೋಡಿದ್ದಾರೆ. ಆ ತಂತ್ರ ಹುಟ್ಟಿದ್ದು ಪೂರ್ವ ಜರ್ಮನಿಯ ರಹಸ್ಯ ಪೊಲೀಸರು ಹರಿದೆಸೆದ ಕಡತಗಳನ್ನು ಜೋಡಿಸಲಿಕ್ಕೆ.

ಹಂತ 3: ವಿಂಗಡಿಸಿ

ಒಟ್ಟು ಎಂಟು ಶ್ರೇಣಿಗಳು: ಪತ್ರಗಳಿಗೆ ಮೂರು, ಬರಹಗಳಿಗೆ ಐದು. ರಾಜಕೀಯ, ಇತಿಹಾಸ, ತತ್ತ್ವಶಾಸ್ತ್ರ, ಗಣಿತ, ವಿಜ್ಞಾನ ಎಲ್ಲಕ್ಕೂ ಅದರದರ ಕಪಾಟು. ಅಭ್ಯಾಸಕ್ಕೆ ಒಂದು ಲೆಕ್ಕ: 1697ರ ಆರಂಭದಲ್ಲಿ ಲೈಬ್ನಿಟ್ಸ್ ಒಬ್ಬ ಡ್ಯೂಕ್‌ಗೆ ಹೊಸ ವರ್ಷದ ಪತ್ರ ಬರೆದು, ಸೊನ್ನೆ ಮತ್ತು ಒಂದರಿಂದಲೇ ಎಲ್ಲ ಸಂಖ್ಯೆಗಳೂ ಹುಟ್ಟುವುದನ್ನು ದೇವರು ಶೂನ್ಯದಿಂದ ಜಗತ್ತನ್ನು ಸೃಷ್ಟಿಸಿದ್ದಕ್ಕೆ ಹೋಲಿಸಿ, ಅದಕ್ಕೊಂದು ಪದಕದ ವಿನ್ಯಾಸವನ್ನೂ ಸೂಚಿಸಿದರು. ಇದು ಗಣಿತವೋ, ದೇವತಾಶಾಸ್ತ್ರವೋ, ಆಸ್ಥಾನದ ಮರ್ಯಾದೆಯೋ? ಉತ್ತರ ಬರುವವರೆಗೆ ಸಭೆ ಮುಂದುವರಿಯಲಿ.

ಹಂತ 4: ವ್ಯಾಖ್ಯಾನಿಸಿ (ಜಾರುವ ಜಾಗ, ಎಚ್ಚರಿಕೆ)

ಸಂಪುಟಗಳು ಬರುವ ತನಕ ಕಾಯುವುದು ಯಾರಿಂದಲೂ ಆಗದು. ಬರ್ಟ್ರಂಡ್ ರಸೆಲ್ ಕಾಯಲಿಲ್ಲ. ಆಗ ಸಿಗುತ್ತಿದ್ದ ಮುದ್ರಿತ ಬರಹಗಳನ್ನು ಹಿಡಿದು 1900ರಲ್ಲೇ ಪುಸ್ತಕ ಬರೆದು, ಲೈಬ್ನಿಟ್ಸ್ ದರ್ಶನದ ಬೇರು ತರ್ಕದಲ್ಲಿದೆ ಎಂದರು. ಅದೇ ಹೊತ್ತಿಗೆ ಫ್ರಾನ್ಸಿನ ಲೂಯಿ ಕುತ್ಯುರಾ ಹ್ಯಾನೋವರ್‌ಗೆ ಹೋಗಿ ಕಟ್ಟು ಬಿಚ್ಚಿ, ಅಚ್ಚಾಗದ ತುಣುಕುಗಳನ್ನು 1903ರಲ್ಲಿ ಪ್ರಕಟಿಸಿದರು. ಅವೂ ತರ್ಕದ ಕಡೆಗೇ ಬೆರಳು ತೋರಿಸಿದವು. ಹೀಗೆ ಒಂದು ತಲೆಮಾರಿಗೆ ಲೈಬ್ನಿಟ್ಸ್ ಎಂದರೆ ತರ್ಕಶಾಸ್ತ್ರಿ. ಅಕಾಡೆಮಿಯ ಸಂಪುಟಗಳು ಒಂದೊಂದಾಗಿ ಬಂದ ಮೇಲೆ ಕ್ರೈಸ್ತ ಪಂಗಡಗಳನ್ನು ಒಂದುಗೂಡಿಸಲು ಓಡಾಡಿದವರು, ಹಾರ್ಜ್ ಬೆಟ್ಟದ ಗಣಿಗಳ ನೀರೆತ್ತಲು ಗಾಳಿಯಂತ್ರ ಕಟ್ಟಿಸಿ ಸೋತವರು, ಚೀನಾದಲ್ಲಿದ್ದ ಪಾದ್ರಿಗಳೊಡನೆ ಪತ್ರವ್ಯವಹಾರ ನಡೆಸಿದವರು ಕೂಡ ಅದೇ ಲೈಬ್ನಿಟ್ಸ್ ಎಂಬುದನ್ನು ಮರೆಯುವಂತಿಲ್ಲ. ತರ್ಕಶಾಸ್ತ್ರಿ ಸುಳ್ಳಾಗಲಿಲ್ಲ, ಮನೆಮಂದಿಯಲ್ಲಿ ಒಬ್ಬನಾದ. ಯಾವ ಕಟ್ಟನ್ನು ಮೊದಲು ಬಿಚ್ಚುತ್ತೀರೋ ಆ ತತ್ತ್ವಜ್ಞಾನಿ ನಿಮಗೆ ಸಿಗುತ್ತಾನೆ. ಈ ಕೈಪಿಡಿಯಲ್ಲಿ ನೆನಪಿಡಬೇಕಾದ ವಾಕ್ಯ ಇದೊಂದೇ.

ದೋಷ ನಿವಾರಣೆ

*ವಾದಕ್ಕೆ ಉತ್ತರ ಬರೆಯುವಷ್ಟರಲ್ಲಿ ಎದುರಾಳಿ ತೀರಿಕೊಂಡರೆ?* ಬದಿಗಿಡಿ. ಜಾನ್ ಲಾಕ್ ಅವರಿಗೆ ಲೈಬ್ನಿಟ್ಸ್ ಒಂದು ಪುಸ್ತಕದಷ್ಟು ಉತ್ತರ ಬರೆದಿದ್ದರು. 1704ರಲ್ಲಿ ಲಾಕ್ ಹೋಗಿಬಿಟ್ಟರು. ಪುಸ್ತಕ ಅಚ್ಚಾದದ್ದು 1765ರಲ್ಲಿ, ಆ ವೇಳೆಗೆ ಬರೆದವರೂ ಇರಲಿಲ್ಲ.

*ದೇಶವೇ ಇಬ್ಭಾಗವಾದರೆ?* ಗೋಡೆಯ ಎರಡೂ ಕಡೆ ಕೆಲಸ ಮುಂದುವರಿಸಿ. ಪೂರ್ವ ಬರ್ಲಿನ್‌ನವರೂ ಪಶ್ಚಿಮದ ಹ್ಯಾನೋವರ್, ಮ್ಯೂನ್‌ಸ್ಟರ್‌ನವರೂ ಹಾಗೆಯೇ ಮಾಡಿದರು.

*ಅನುದಾನ ಕೊಟ್ಟವರು ಗಡುವು ಕೇಳಿದರೆ?* ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯಿರಿ. ಒಪ್ಪದಿದ್ದರೆ ನಿಮ್ಮ ತತ್ತ್ವಜ್ಞಾನಿಯನ್ನೇ ಸಾಕ್ಷಿಗೆ ಕರೆಯಿರಿ. 1685ರಲ್ಲಿ ಅರಸುಮನೆತನದ ಚರಿತ್ರೆ ಬರೆಯುವ ಕೆಲಸ ಹಿಡಿದ ಲೈಬ್ನಿಟ್ಸ್, ದಾಖಲೆ ಹುಡುಕಿಕೊಂಡು ಇಟಲಿಯವರೆಗೂ ಹೋದರು. ಮುನ್ನುಡಿಯನ್ನು ಭೂಮಿ ಹುಟ್ಟಿದಲ್ಲಿಂದ ಶುರುಮಾಡಿದರು. ಮೂವತ್ತು ವರ್ಷ ದುಡಿದು ತೀರಿಕೊಂಡಾಗ ಕಥೆ ತಲುಪಿದ್ದು ಇಸವಿ 1005ಕ್ಕೆ.

ಖಾತರಿ

ಕೊಂಡಾಗ ಇದ್ದ ಸ್ಥಿತಿಯಲ್ಲೇ ತತ್ತ್ವಜ್ಞಾನಿ ಉಳಿಯುತ್ತಾರೆಂಬ ಖಾತರಿ ಇಲ್ಲ. ಹೊಸ ಸಂಪುಟ ಬಂದಾಗ ಹಳೆಯ ನೋಟ್ಸ್ ಬದಲಾಯಿಸಿ ಕೊಡಲಾಗುವುದಿಲ್ಲ. 'ಲೈಬ್ನಿಟ್ಸ್ ಪ್ರಕಾರ ವಿವರಿಸಿ' ಎಂದು ಪ್ರಶ್ನೆ ಕೊಡುವ ಮೇಷ್ಟ್ರು ಇನ್ನು ಮುಂದೆ 'ಇಲ್ಲಿಯವರೆಗೆ ಅಚ್ಚಾದ ಸಂಪುಟಗಳಂತೆ' ಎಂದು ಸೇರಿಸತಕ್ಕದ್ದು. ಸೇರಿಸದಿದ್ದಲ್ಲಿ, 'ಇನ್ನೂ ಗೊತ್ತಿಲ್ಲ' ಎಂದು ಬರೆದ ವಿದ್ಯಾರ್ಥಿಗೂ ಅಂಕ ಕೊಡಬೇಕಾಗುತ್ತದೆ.