ಮನೆಯೊಂದು, ಹವಾಮಾನ ಮೂರು

ಬಾಸ್ಟನ್ನಿನ ಚಳಿಗೆ ನೆಲಮಾಳಿಗೆಯ ಬಾಯ್ಲರ್ ನೀರು ಕಾಯಿಸಿ, ಕೊಳವೆಗಳಲ್ಲಿ ಮನೆಯೆಲ್ಲ ಹರಿಸುತ್ತದೆ. ಮನೆಯನ್ನು ವಲಯಗಳಾಗಿ ಒಡೆದು ಒಂದೊಂದಕ್ಕೂ ಥರ್ಮೋಸ್ಟಾಟ್ ಹಾಕಿಸಿದರೆ ಜಗಳ ನಿಲ್ಲುತ್ತದೆಂದು ನಂಬುವವರು ಸಂಸಾರಸ್ಥರಲ್ಲ. ಮೈಸೂರಿನಿಂದ ಬಂದ ಅತ್ತೆಯವರಿಗೆ 75 ಡಿಗ್ರಿ ಫ್ಯಾರನ್‌ಹೀಟೂ ಸಾಲದು. ಮಹಡಿಯ ಮಗರಾಯನಿಗೆ 64ಕ್ಕೇ ಬೆವರು. ವಲಯಕ್ಕೊಂದು ಪಂಪೋ, ಒಂದೇ ಪಂಪಿಗೆ ಹಲವು ವಾಲ್ವೋ ಎಂಬುದು ಪ್ಲಂಬರುಗಳ ದ್ವೈತಾದ್ವೈತ. ನನ್ನ ಓಟು ವಾಲ್ವಿಗೆ, ಕರೆಂಟು ಉಳಿಯುತ್ತದೆ. ಹಾಗಂತ ಪುಟ್ಟ ಬಚ್ಚಲಿಗೂ ಪ್ರತ್ಯೇಕ ವಲಯ ಬೇಡ. ಅಷ್ಟು ಚೂರಿಗೆ ಬಾಯ್ಲರ್ ಸುಮ್ಮನೆ ಹೊತ್ತುತ್ತ, ಆರುತ್ತ ಸವೆಯುತ್ತದೆ. ದುಡ್ಡು ಸುರಿಯುವುದಾದರೆ, ಹೊರಗಿನ ಚಳಿ ನೋಡಿ ನೀರಿನ ಬಿಸಿ ಏರಿಳಿಸುವ ಸೆನ್ಸರಿಗೆ ಸುರಿಯಿರಿ. ಅದನ್ನು ಉತ್ತರದ ಗೋಡೆಗೇ ಹೊಡೆಸಿ. ಬಿಸಿಲಿಗಿಟ್ಟರೆ ಜನವರಿಯಲ್ಲೂ ಬೇಸಿಗೆಯೆಂದು ಚಾಡಿ ಹೇಳುತ್ತದೆ. ಅತ್ತೆಯವರ ಮೊಣಕಾಲು ಅದಕ್ಕಿಂತ ನಿಖರ. ಆದರೆ ಅದಕ್ಕೆ ವೈರು ಸಿಗಿಸಲು ಪ್ಲಂಬರ್ ಒಪ್ಪುತ್ತಿಲ್ಲ.