ಚಂದ್ರ ಹತ್ತಿರ, ದೆಹಲಿ ದೂರ

ಚಂದ್ರನ ಮೇಲೆ ನೆಲೆ ಕಟ್ಟುವುದು ದುಂದುವೆಚ್ಚ ಎಂದು ಬಬ್ಬೂರಿನಲ್ಲಿ ಯಾರಾದರೂ ಅಂದರೆ ನನಗೆ ರೇಗುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಚಂದ್ರನಷ್ಟು ಅಗ್ಗದ, ಹೇಳಿದ ದಿನಕ್ಕೆ ಆಗುವ ಸರ್ಕಾರಿ ಕೆಲಸ ಇನ್ನೊಂದಿಲ್ಲ.

2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ನಮ್ಮ ಹೊಲಗಳಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಅದೇ ವರ್ಷ ಜುಲೈ 14ಕ್ಕೆ ಹೊರಟ ಚಂದ್ರಯಾನ-3 ಆಗಸ್ಟ್ 23ಕ್ಕೆ ಚಂದ್ರನ ಮೇಲೆ ಇಳಿದೇಬಿಟ್ಟಿತು. ಖರ್ಚು ಸುಮಾರು 615 ಕೋಟಿ. ಈ 5,300 ಕೋಟಿ ಮಾತ್ರ ದೆಹಲಿಯ ಕಚೇರಿಯ ಮೆಟ್ಟಿಲಿಳಿಯಲಿಲ್ಲ. ರಾಜ್ಯ ಕೇಳಿದ್ದೇ ಕೇಳಿದ್ದು, ಕೇಂದ್ರ ಕಾರಣ ಹೇಳಿದ್ದೇ ಹೇಳಿದ್ದು.

ಮೊದಲು ಹೊಲಕ್ಕೆ ನೀರು ಕೊಡಿ, ಆಮೇಲೆ ಚಂದ್ರ ಅನ್ನುವವರಿದ್ದಾರೆ. ಚಂದ್ರನ ಕೆಲಸ ನಿಂತರೆ ಆ ದುಡ್ಡು ಹಿರಿಯೂರಿನ ಬಸ್ಸು ಹತ್ತುತ್ತದೆ ಅಂತ ಇವರಿಗೆ ಹೇಳಿದವರಾರು? 1933ರಲ್ಲಿ ತುಂಬಿದ್ದ ನಮ್ಮ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ 75 ವರ್ಷ ನಾವು ಚಂದ್ರನ ಕಡೆ ಒಂದು ನೌಕೆಯನ್ನೂ ಕಳಿಸಿರಲಿಲ್ಲ. ಆಗ ಉಳಿದ ದುಡ್ಡು ಯಾವ ಕಾಲುವೆಯಲ್ಲಿ ಹರಿಯಿತೋ!

ಅಷ್ಟಕ್ಕೂ ಚಂದ್ರ ನಮ್ಮಲ್ಲೇ ಇದ್ದಾನೆ. ಲ್ಯಾಂಡರ್ ಪರೀಕ್ಷೆಗೆಂದು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಕುಳಿ ತೋಡಿಸಲು 2020ರಲ್ಲಿ ಇಸ್ರೊ ಟೆಂಡರ್ ಕರೆಯಿತು. ಅಂದಾಜು 24 ಲಕ್ಷ ಚಿಲ್ಲರೆ. ನಮ್ಮ ಕಡೆ ಬಂದು ಕೇಳಿದ್ದರೆ ಹನಿ ನೀರು ಕಾಣದ ಕೃಷಿ ಹೊಂಡಗಳನ್ನೇ ಬಾಡಿಗೆಗೆ ಕೊಡುತ್ತಿದ್ದೆವು.

ಆ ಸೀಮೆಯ ಅಮೃತಮಹಲ್ ಕಾವಲುಗಳು ಸಾವಿರಾರು ಎಕರೆ ಲೆಕ್ಕದಲ್ಲಿ ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ, ಇಸ್ರೊ ಪಾಲಾದವು. ಗೋಡೆ ಎದ್ದಿತು, ಕುರಿ-ದನ ಆಚೆ ಉಳಿದವು. ಅಲ್ಲಿನ ಕುರಿಗಾಹಿಗಂತೂ ಚಂದ್ರನ ನೆಲೆ ಖಂಡಿತ ಬೇಕು: ಇವರೆಲ್ಲ ಬೇಗ ಅಲ್ಲಿಗೆ ಹೋಗಲಿ, ಕಾವಲು ಖಾಲಿಯಾಗಲಿ.

2040ಕ್ಕೆ ನಮ್ಮವರು ಚಂದ್ರನ ಮೇಲೆ ಕಾಲಿಡಬೇಕಂತೆ. ನೆಲೆ ಕಟ್ಟಲು ಇಟ್ಟಿಗೆಯೂ ತಯಾರು. ಚಂದ್ರನ ಮಣ್ಣಿನಂಥ ಪುಡಿಗೆ ಬ್ಯಾಕ್ಟೀರಿಯಾ, ಗೋರಿಕಾಯಿಯ ಅಂಟು, ಯೂರಿಯಾ ಬೆರೆಸಿ ಇಟ್ಟಿಗೆ ಮಾಡಬಹುದೆಂದು ಐಐಎಸ್‌ಸಿ ಮತ್ತು ಇಸ್ರೊ 2020ರಲ್ಲೇ ತೋರಿಸಿವೆ. ಗೋರಿಕಾಯಿ ಎಷ್ಟು ಬೇಕಾದರೂ ಬೆಳೆದುಕೊಡೋಣ. ಯೂರಿಯಾಕ್ಕೆ ಮಾತ್ರ ನಮ್ಮ ಸೊಸೈಟಿ ಮುಂದೆ ಬಂದು ಸಾಲು ನಿಲ್ಲಬೇಡಿ ಸ್ವಾಮಿ. ಅದನ್ನು ಮನುಷ್ಯರ ಮೂತ್ರದಿಂದಲೇ ತೆಗೆಯಬಹುದು ಅಂತ ನೀವೇ ಹೇಳಿದ್ದೀರಿ, ಹೋಗುವವರೇ ಹೊಂದಿಸಿಕೊಳ್ಳಲಿ.